ಕಚ್ಚಾವಸ್ತು: ಬಿಸಿಲು

ಅರ್ಜಿಯ ಹನ್ನೊಂದನೇ ಕಲಮಿನಲ್ಲಿ,
'ಬಳಸುವ ಕಚ್ಚಾವಸ್ತು' ಎಂದಿದ್ದಲ್ಲಿ
ಗುಣಪಾಲ ಬರೆದಿದ್ದ: ಬಿಸಿಲು.
'ಎಲ್ಲಿಂದ ಖರೀದಿ' ಎಂದಿದ್ದಲ್ಲಿ
ಒಂದು ಗೆರೆ ಎಳೆದು ಸುಮ್ಮನಾಗಿದ್ದ.

ನಾನು ಹಾಸನದ ಕೈಗಾರಿಕಾ ಕೇಂದ್ರದ
ಎರಡನೇ ದರ್ಜೆ ಸಹಾಯಕಿ.
ಹಸಿರು ಶಾಯಿ ಸಾಹೇಬರದು, ನನ್ನದು ನೀಲಿ.
ನೀಲಿಯಲ್ಲೇ ಬರೆದೆ ಆಕ್ಷೇಪಣೆ:
'ಬಿಸಿಲಿನ ರಸೀದಿ ಲಗತ್ತಿಸಿರುವುದಿಲ್ಲ.'
ನಗಬೇಡಿ. ಆಡಿಟ್‌ನವರು ನಗುವುದಿಲ್ಲ.

ಬಂದ. ಕಂಕುಳಲ್ಲಿ ತಗಡಿನದೊಂದು ಪುಟ್ಟ ಮಾದರಿ.
ಶ್ರವಣಬೆಳಗೊಳದ ಕಡೆಯವನು;
ಹೊತ್ತು ಮುಳುಗುವ ಮೊದಲೇ
ಉಂಡು ಕೈತೊಳೆಯುವ ಮನೆತನ.
ಮೇಜಿನ ಮೇಲಿಟ್ಟು ಬಿಚ್ಚಿ ತೋರಿಸಿದ:
ಕೆಳಗೆ ಕರಿ ಬಳಿದ ತಗಡು, ಮೇಲೆ ಗಾಜು,
ನಡುವೆ ಕಾಫಿ ಬೀಜ ಹರಡುವ ತಟ್ಟೆ,
ಬೆಂಕಿಪೊಟ್ಟಣದಷ್ಟು ಫ್ಯಾನು, ಅದಕ್ಕೆ ಅಂಗೈಯಗಲ ಫಲಕ.
'ಡೀಸೆಲ್ ಬೇಡ, ಸೌದೆ ಬೇಡ.
ಮೋಡ ಬಂದ್ರೆ ಅದೂ ನಿಲ್ಲುತ್ತೆ, ನಾವೂ ನಿಲ್ತೀವಿ.'

ಗಾಳಿ ನುಗ್ಗುವ ಬಾಯಿಗೆ ಎರಡು ಪದರ ಬಲೆ.
ಎರಡೇಕೆ? ಖರ್ಚು ಜಾಸ್ತಿ ತೋರಿಸೋಕಾ?
ತಲೆ ತುರಿಸಿಕೊಂಡ.
'ಒಂದೇ ಆದ್ರೆ ಹುಳ ಒಳಗೆ ಹೋಗ್ತವೆ ಮೇಡಂ.
ಹೋದ್ರೆ ಸಾಯ್ತವೆ.'
ಹುಳ ಬಿದ್ದರೆ ಕಾಳು ಕೆಡುತ್ತೆ ಅಂತಲಾ?
'ಅದೂ ಸರಿಯೇ' ಎಂದ, ನನಗೆ ಅನುಕೂಲವಾಗಲೆಂದು.
'ಗುಣಮಟ್ಟದ ದೃಷ್ಟಿಯಿಂದ' ಎಂದು ಬರೆದುಕೊಂಡೆ.

ಕಡತ ಹೊರಟಿತು.
ಕಡತದ ನಡಿಗೆ ಗೊತ್ತಲ್ಲ,
ಮೇಲೆ ಹೋಗುವಾಗ ಬಸುರಿ, ಕೆಳಗೆ ಬರುವಾಗ ಬಾಣಂತಿ.
ಆಲೂಗಡ್ಡೆ ಬಿತ್ತುವಾಗ ಹೋದದ್ದು
ಕಿತ್ತು, ಮಾರಿ, ಮತ್ತೆ ಬಿತ್ತುವಾಗ ಬಂತು:
ಶುದ್ಧ ಇಂಧನ ಯಂತ್ರಗಳ ರಫ್ತಿಗೆ ಪ್ರೋತ್ಸಾಹಧನ, ಮಂಜೂರು.
ಮೂರು ಕಂತು. ಹಸಿರು ಶಾಯಿ.

ನಲವತ್ತು ಯಂತ್ರ ಲಾರಿ ಹತ್ತಿ, ಶಿರಾಡಿ ಇಳಿದು,
ಮಂಗಳೂರಿನಲ್ಲಿ ಹಡಗೇರಿ
ತಾಂಜಾನಿಯಾದ ಕಾಫಿ ಬೆಟ್ಟಗಳಿಗೆ.
ಪ್ರತಿಯೊಂದರ ಬೆನ್ನಿಗೂ ಕೆಂಪು ಬಾಣ, ಪಕ್ಕದಲ್ಲಿ
'ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿ.'
ತಜ್ಞರ ವರದಿಯಲ್ಲೂ ದಕ್ಷಿಣ.
ಮಂಜೂರಾತಿಯಲ್ಲೂ ದಕ್ಷಿಣ.

ಅಲ್ಲಿನ ಬೆಳೆಗಾರ್ತಿಯರ ಸಂಘದಿಂದ
ನೀಮಾ ಎಂಬಾಕೆಯ ಕಾಗದ:
'ಪೆಟ್ಟಿಗೆ ಚೆನ್ನಾಗಿದೆ. ಆದರೆ ಕೊಯ್ಲಿನ ತಿಂಗಳಲ್ಲಿ
ನಮ್ಮ ಸೂರ್ಯ ಉತ್ತರಕ್ಕಿರುತ್ತಾನೆ.
ತಿರುಗಿಸಿಕೊಂಡಿದ್ದೇವೆ.
ನಿಮಗೆ ಯಾರೂ ಹೇಳಲಿಲ್ಲವೇ?'

ಗುಣಪಾಲ ಕಾಗದ ಹಿಡಿದು ನಿಂತ,
ಪಕ್ಕದ ಮನೆಯ ಗಾಜು ಒಡೆದ ಹುಡುಗನ ಹಾಗೆ.
ಸಮಭಾಜಕ ವೃತ್ತಕ್ಕೆ ನಾವಿಬ್ಬರೂ
ಎರಡೆರಡು ಅಂಕ ತಗೊಂಡು ಮರೆತಿದ್ದೆವು.
ನಿಯಮದ ಪ್ರಕಾರ ವಿನ್ಯಾಸ ಬದಲಾದರೆ ಹೊಸ ಅರ್ಜಿ,
ಹೊಸ ತಜ್ಞ, ಮತ್ತೊಂದು ಆಲೂಗಡ್ಡೆ ಬೆಳೆ.

ಆ ಮಧ್ಯಾಹ್ನ ಕರೆಂಟಿರಲಿಲ್ಲ.
ಕಿಟಕಿಯಿಂದ ಬಿದ್ದ ಬಿಸಿಲಿನ ಚೌಕ
ಕಡತದಿಂದ ಕಡತಕ್ಕೆ
ಯಾರ ಸಹಿಯೂ ಇಲ್ಲದೆ ದಾಟುತ್ತಿತ್ತು.
ಟಿಪ್ಪಣಿ ಹಾಳೆ ಎಳೆದುಕೊಂಡು ಬರೆದೆ:
'ಯಂತ್ರ ಬದಲಾಗಿರುವುದಿಲ್ಲ. ನಿಂತ ನೆಲ ಬದಲಾಗಿದೆ.
ಬಾಣ ತಿದ್ದಿದರೆ ಸಾಕು.'
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಹಳೆಯ ಕಡತ ನೋಡದೆ ನಾನೇ ಕಟ್ಟಿದ ವಾಕ್ಯ.
ಸಾಹೇಬರು ಓದಿದರು, ಕನ್ನಡಕ ತೆಗೆದರು,
ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದರು.

ಇನ್ನೂ ಚರ್ಚಿಸುತ್ತಿದ್ದೇವೆ.
ಕೊನೆಯ ಕಂತು ಬಂದಿಲ್ಲ.
ಗುಣಪಾಲ ಲೇತ್ ಅಂಗಡಿಯವನಿಗೆ ಸಾಲ ಹೇಳಿ
ಹೊಸ ಪೆಟ್ಟಿಗೆಗಳಿಗೆ ತಿರುಗುವ ಕಾಲು ಕೂರಿಸಿದ್ದಾನೆ.
ಬಾಣದ ಪಕ್ಕ ಈಗ ದಿಕ್ಕಿನ ಹೆಸರಿಲ್ಲ,
'ಬಿಸಿಲಿನ ಕಡೆಗೆ' ಅಂತಷ್ಟೇ.

ನಿನ್ನೆ ಆ ಕಡತ ಬಿಚ್ಚಿದೆ.
ಹದಿನಾಲ್ಕನೇ ಹಾಳೆಯಲ್ಲಿ, ಕಚೇರಿಯ ದುಂಡು ಮುದ್ರೆಯೊಳಗೆ
ಒಂದು ಸಣ್ಣ ಹುಳ
ಅಪ್ಪಚ್ಚಿಯಾಗಿ ಒಣಗಿತ್ತು, ರೆಕ್ಕೆ ಸಮೇತ.
ಊದಿದೆ.
ಹೋಗಲಿಲ್ಲ.